ಫ್ಯಾಷನ್ ಸೆಟ್ ಹಾಕುವವರು ಸಿನಿಮಾಕ್ಕೂ ಹಾಕಬಹುದಾ?

ನನ್ನ ಕೆಲಸ ಸೆಟ್ ಡಿಸೈನ್ ಎಂದು ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದು. "ಎರಡೂ ಒಂದೇ ಅಲ್ವಾ?" ಎಂಬ ಬಾಲವೂ ಜೊತೆಗಿರುತ್ತದೆ. ಹಾಕಬಹುದು. ಆದರೆ ಎರಡೂ ಒಂದೇ ಅಲ್ಲ.

ಬಡಗಿ, ಪೇಂಟರ್, ಪ್ಲೈವುಡ್, ಮೊಳೆ ಎಲ್ಲ ಎರಡು ಕಡೆಯೂ ಇರುವಂಥವೇ. ಸೆಟ್ ಯಾರಿಗಾಗಿ ಎನ್ನುವುದು ಮಾತ್ರ ಬೇರೆ. ಫ್ಯಾಷನ್‌ನಲ್ಲಿ ಅದು ಬಟ್ಟೆಗಾಗಿ, ಸಿನಿಮಾದಲ್ಲಿ ಪಾತ್ರಕ್ಕಾಗಿ.

ಒಂದು ಕುರ್ಚಿಯನ್ನೇ ತಗೊಳ್ಳಿ. ಫ್ಯಾಷನ್ ಶೂಟ್‌ಗೆ ಅದರ ಬಣ್ಣ, ಆಕಾರ ಬಟ್ಟೆಗೆ ಹೊಂದಿದರೆ ಸಾಕು. ಕಾಲು ಮುರಿದಿದ್ದರೂ ಹಿಂದಿನಿಂದ ಏನಾದರೂ ಆನಿಸಿ ನಿಲ್ಲಿಸಿಬಿಡುತ್ತೇವೆ. ಸಿನಿಮಾದಲ್ಲಿ ಅದೇ ಕುರ್ಚಿಯ ಬಗ್ಗೆ ಪ್ರಶ್ನೆಗಳು ಜಾಸ್ತಿ. ಕೊಂಡದ್ದಾ, ಯಾರೋ ಕೊಟ್ಟದ್ದಾ? ದಿನಾ ಅದರಲ್ಲಿ ಕೂರುವವರು ಯಾರು? ಎಡಗೈ ಊರಿ ಏಳುವವರಾದರೆ ಎಡಗಡೆ ಕೈಯ ಪಾಲಿಶ್ ಹೋಗಿರಬೇಕು. ಇದನ್ನೆಲ್ಲ ಪ್ರೇಕ್ಷಕರು ಗಮನಿಸುವುದಿಲ್ಲ, ನಿಜ. ಆದರೆ ಇಂಥದ್ದನ್ನು ಬಿಟ್ಟರೆ ಮನೆ ಶೋರೂಮ್ ಥರ ಕಾಣುತ್ತದೆ. ಅದು ಎಲ್ಲರಿಗೂ ಗೊತ್ತಾಗುತ್ತದೆ!

ಇನ್ನು ಕ್ಯಾಮೆರಾ. ಫೋಟೊಗೆ ಸಾಮಾನ್ಯವಾಗಿ ಒಂದು ಕಡೆಯಿಂದ ಚೆನ್ನಾಗಿ ಕಂಡರೆ ಆಯಿತು. ಸಿನಿಮಾ ಕ್ಯಾಮೆರಾ ಓಡಾಡುತ್ತದೆ. ಅದಕ್ಕೆ ಹಿಂದೆ ಸರಿಯಲು ಜಾಗ ಬೇಕೆಂದು ಕೆಲವು ಗೋಡೆಗಳನ್ನು ಕಳಚಿ ತೆಗೆಯುವ ಹಾಗೆ ಕಟ್ಟುತ್ತೇವೆ. ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ತೆಗೆಯುವುದು ಅಪರೂಪ. ಹಾಗಾಗಿ ಮೇಜಿನ ಮೇಲಿನ ಲೋಟ ಎಲ್ಲಿತ್ತು, ಎಷ್ಟು ತುಂಬಿತ್ತು ಎನ್ನುವುದಕ್ಕೂ ಫೋಟೊ ತೆಗೆದಿಟ್ಟುಕೊಳ್ಳಬೇಕು.

ಫ್ಯಾಷನ್ ಶೋ ಇನ್ನೊಂದೇ ಲೋಕ. ಪ್ಯಾರಿಸ್‌ನ ಗ್ರಾಂ ಪಲೆ ಎಂಬ ದೊಡ್ಡ ಪ್ರದರ್ಶನ ಭವನದಲ್ಲಿ ಫ್ಯಾಷನ್ ಕಂಪನಿ ಶನೆಲ್‌ನವರು 2014ರಲ್ಲಿ ಇಡೀ ಸೂಪರ್‌ಮಾರ್ಕೆಟ್ ಕಟ್ಟಿಸಿದರು. ಕಪಾಟಿನ ಡಬ್ಬಗಳ ಮೇಲೂ ಅವರದೇ ಲೇಬಲ್. 2017ರಲ್ಲಿ ರಾಕೆಟ್ಟನ್ನೇ ನಿಲ್ಲಿಸಿದರು. ಅರ್ಧ ಗಂಟೆಯೂ ಹಿಡಿಯದ ಶೋಗೆ ಇಷ್ಟೆಲ್ಲ! ರಾಕೆಟ್ ನನಗೆ ಚೆನ್ನಾಗಿ ನೆನಪಿದೆ, ಬಟ್ಟೆ ಒಂದೂ ನೆನಪಿಲ್ಲ. ಸೆಟ್ ಗೆದ್ದಿತು ಅನ್ನಬೇಕಾ, ಸೋತಿತು ಅನ್ನಬೇಕಾ? ನನ್ನ ಮಟ್ಟಿಗೆ ಸೋತಿತು.

ಫ್ಯಾಷನ್‌ನಿಂದ ಸಿನಿಮಾಕ್ಕೆ ದಾಟಿ ಬಂದವರು ಇದ್ದಾರಾ ಎಂದರೆ, ಶೋನಾ ಹೀತ್ ಇದ್ದಾರೆ. ಫೋಟೊಗ್ರಾಫರ್ ಟಿಮ್ ವಾಕರ್ ಜೊತೆ ವರ್ಷಗಟ್ಟಲೆ ಫ್ಯಾಷನ್ ಸೆಟ್ ಮಾಡಿದವರು. 2023ರ 'ಪೂರ್ ಥಿಂಗ್ಸ್' ಸಿನಿಮಾದ ಸೆಟ್‌ಗಳಿಗೆ 2024ರಲ್ಲಿ ಆಸ್ಕರ್ ಪಡೆದರು. ಆದರೆ ಒಬ್ಬರೇ ಅಲ್ಲ. ಸಿನಿಮಾದಲ್ಲೇ ಪಳಗಿದ್ದ ಜೇಮ್ಸ್ ಪ್ರೈಸ್ ಜೊತೆಗಿದ್ದರು, ಸೆಟ್ ಡೆಕೊರೇಟರ್ ಆಗಿ, ಅಂದರೆ ಸೆಟ್‌ನೊಳಗಿನ ಸಾಮಾನುಗಳನ್ನು ಹೊಂದಿಸುವವರಾಗಿ, ಜುಜಾ ಮಿಹಾಲೆಕ್ ಇದ್ದರು. ಮೊದಲ ಸಿನಿಮಾಕ್ಕೆ ಕೈ ಹಾಕುವವರು ಇದನ್ನು ಗಮನಿಸಬೇಕು. ಬಣ್ಣ, ಕಲ್ಪನೆ ನಿಮ್ಮಲ್ಲಿರಬಹುದು. ತಿಂಗಳುಗಟ್ಟಲೆ ನಡೆಯುವ ಶೂಟಿಂಗ್‌ನ ಲೆಕ್ಕಾಚಾರ ಗೊತ್ತಿರುವವರೊಬ್ಬರು ಪಕ್ಕದಲ್ಲಿರಲಿ.

ಜಂಬವನ್ನೂ ಸ್ವಲ್ಪ ಬದಿಗಿಡಬೇಕಾಗುತ್ತದೆ. ಫ್ಯಾಷನ್ ಶೂಟ್‌ನಲ್ಲಿ ಸೆಟ್‌ಗೆ ಸಂಬಂಧಿಸಿದ್ದಕ್ಕೆಲ್ಲ ಸೆಟ್ ಡಿಸೈನರೇ ಯಜಮಾನ. ದೊಡ್ಡ ಸಿನಿಮಾದ ಆರ್ಟ್ ಡಿಪಾರ್ಟ್‌ಮೆಂಟ್‌ನಲ್ಲಿ ಮೇಲೆ ಇಡೀ ಸಿನಿಮಾದ ನೋಟ ಹೇಗಿರಬೇಕೆಂದು ನಿರ್ಧರಿಸುವ ಪ್ರೊಡಕ್ಷನ್ ಡಿಸೈನರ್, ಅವರ ಕೆಳಗೆ ಅದನ್ನು ಕಟ್ಟಿಸುವ ಕೆಲಸ ನೋಡಿಕೊಳ್ಳುವ ಆರ್ಟ್ ಡೈರೆಕ್ಟರ್. ಸೆಟ್ ಡಿಸೈನರ್ ಎಂದರೆ ಅವರಿಗೆ ಅಳತೆ ಹಾಕಿ ನಕ್ಷೆ ಬರೆದುಕೊಡುವವರು. ಹೊಸಬರು ಅದಕ್ಕೂ ಕೆಳಗಿಂದ, ಸಹಾಯಕರಾಗಿ ಶುರು ಮಾಡಬೇಕು.

ಕೆಲಸ ಕೇಳಲು ಹೋಗುವಾಗ ಸುಮ್ನೆ ಚೆಂದದ ಫೋಟೊಗಳನ್ನಷ್ಟೇ ಒಯ್ಯಬೇಡಿ. ಅಳತೆಯ ನಕ್ಷೆ, ರಟ್ಟಿನಲ್ಲಿ ಮಾಡಿದ ಸಣ್ಣ ಮಾದರಿ, ಸೆಟ್‌ನ ಹಿಂಭಾಗದ ಚಿತ್ರವೂ ಇರಲಿ. ಗೋಡೆಗೆ ಹಿಂದೆ ಊರುಗೋಲು ಹೇಗೆ ಕೊಟ್ಟಿದ್ದೀರಿ ಎಂದು ಅವರು ಖಂಡಿತ ಕೇಳುತ್ತಾರೆ.