ಸೈನ್ಸ್ ಬೆಳೆದಷ್ಟೂ ಧರ್ಮ ಕಮ್ಮಿ ಆಗುತ್ತಾ?

ಜನ ಓದ್ಕೊಂಡ್ರೆ, ಸೈನ್ಸ್ ಬೆಳೆದ್ರೆ ದೇವ್ರು ಧರ್ಮ ಎಲ್ಲಾ ತಾನಾಗೇ ಹೋಗುತ್ತೆ ಅಂತ ಹೇಳೋರು ಯಾವಾಗ್ಲೂ ಇದ್ದಾರೆ, ನಂಗೆ ಮಾತ್ರ ಅದು ಅಷ್ಟು ಸಲೀಸು ಅನ್ಸಲ್ಲ. 1914ರಲ್ಲಿ ಜೇಮ್ಸ್ ಲ್ಯೂಬಾ ಅನ್ನೋ ಮನಶ್ಶಾಸ್ತ್ರಜ್ಞ ಅಮೆರಿಕದ ವಿಜ್ಞಾನಿಗಳಿಗೆ ಒಂದು ಪ್ರಶ್ನೆ ಕಳ್ಸಿದ್ರು, ಪ್ರಾರ್ಥನೆಗೆ ಓಗೊಡೋ ದೇವ್ರನ್ನ ನಂಬ್ತೀರಾ ಅಂತ. ನೂರಕ್ಕೆ ಸುಮಾರು 40 ಜನ ಹೌದು ಅಂದ್ರು. ವಿದ್ಯೆ ಹೆಚ್ಚಿದಂಗೆ ಇದು ಇಳಿಯುತ್ತೆ ಅನ್ನೋದು ಲ್ಯೂಬಾ ಲೆಕ್ಕ. 1996ರಲ್ಲಿ ಅದೇ ಪ್ರಶ್ನೆ ಮತ್ತೆ ಕೇಳಿದ್ರೆ, ನಡುವೆ ಡಿಎನ್‌ಎ ರಚನೆ ಗೊತ್ತಾಗಿ ಚಂದ್ರನ ಮೇಲೆ ಓಡಾಡಿ ಬಂದಿದ್ರೂ, ಹೆಚ್ಚುಕಮ್ಮಿ ಅಷ್ಟೇ ಜನ ಹೌದು ಅಂದ್ರು! (ತೀರಾ ಮೇಲ್ಮಟ್ಟದ ವಿಜ್ಞಾನಿಗಳಲ್ಲಿ ನಂಬೋರು ತುಂಬಾನೇ ಕಮ್ಮಿ, ಅದನ್ನೂ ಮುಚ್ಚಿಡಬಾರ್ದು.)

ಹಾಗಂತ ಧರ್ಮ ಎಲ್ಲೂ ಕರಗ್ತಿಲ್ಲ ಅಂದ್ರೆ ಸುಳ್ಳಾಗುತ್ತೆ. ಇಂಗ್ಲೆಂಡ್ ಮತ್ತೆ ವೇಲ್ಸ್ ಜನಗಣತಿಲಿ ಕ್ರೈಸ್ತರು ಅಂತ ಬರೆಸ್ಕೊಂಡೋರು 2011ರಲ್ಲಿ ಶೇ. 59 ಇದ್ರು, 2021ಕ್ಕೆ ಶೇ. 46. ಇವ್ರೆಲ್ಲ ಬಿಗ್ ಬ್ಯಾಂಗ್ (ವಿಶ್ವ ಹೇಗೆ ಶುರುವಾಯ್ತು ಅನ್ನೋ ಥಿಯರಿ) ಓದಿ ಧರ್ಮ ಬಿಟ್ರಾ? ನಂಗಂತೂ ಹಾಗನ್ಸಲ್ಲ, ಆ ಥಿಯರಿಗೆ ಬುನಾದಿ ಹಾಕಿದ ಲೆಮೈಟ್ರೇನೇ ಕ್ಯಾಥೊಲಿಕ್ ಪಾದ್ರಿ. ಪಿಪ್ಪಾ ನಾರಿಸ್, ರೊನಾಲ್ಡ್ ಇಂಗಲ್‌ಹಾರ್ಟ್ ಅನ್ನೋ ರಾಜಕೀಯ ವಿಜ್ಞಾನಿಗಳು ಹೇಳೋ ಕಾರಣ ನಂಗೆ ಸರಿ ಅನ್ಸುತ್ತೆ: ಕಾಯಿಲೆ ಬಿದ್ರೆ, ಕೆಲ್ಸ ಹೋದ್ರೆ, ವಯಸ್ಸಾದ್ರೆ ನೋಡ್ಕೊಳೋಕೆ ಒಂದು ವ್ಯವಸ್ಥೆ ಇದೆ ಅನ್ನೋ ಧೈರ್ಯ ಇರೋ ಕಡೆ ಧರ್ಮದ ಹಿಡಿತ ಸಡಿಲ ಆಗ್ತಾ ಹೋಗುತ್ತೆ.

ಐಸಿಯು ಹೊರಗೆ ಕೂತಿರೋರನ್ನ ನೋಡಿ. ಬಾಗಿಲು ತೆಗೆದಾಗೆಲ್ಲ ಎದ್ದು ನಿಲ್ತಾರೆ, ಆಕ್ಸಿಜನ್ ಎಷ್ಟಿದೆ ಅಂತ ನರ್ಸ್‌ನ ಕೇಳ್ತಾರೆ, ವಾಪಸ್ ಬಂದು ಕೂತ್ರೆ ತುಟಿ ಅಲ್ಲಾಡ್ತಾ ಇರುತ್ತೆ. ಡಾಕ್ಟರ್ ಮೇಲೂ ನಂಬಿಕೆ ಇದೆ, ದೇವ್ರ ಮೇಲೂ ಇದೆ, ಅವ್ರಿಗೆ ಅದ್ರಲ್ಲಿ ಯಾವ ಗೊಂದಲಾನೂ ಇಲ್ಲ. ಒಳಗಿದ್ದೋರು ಉಳೀಲಿಲ್ಲ ಅಂದ್ರೆ ಯಾಕೆ ಅಂತ ರಿಪೋರ್ಟ್ ಹೇಳುತ್ತೆ, ಆದ್ರೆ ಮಾರನೇ ದಿನ ಮನೆಗೆ ಬಂದು ಜೊತೇಲಿ ಕೂತ್ಕೊಳೋರು ಬೇಕಲ್ಲ, ಆ ಕೆಲ್ಸಾನ ಧರ್ಮ ತುಂಬ ಕಾಲದಿಂದ ಮಾಡ್ಕೊಂಡು ಬಂದಿದೆ.

ಅದಕ್ಕೇ ನಂಬೋರನ್ನೆಲ್ಲ ದಡ್ಡರು ಅಂತ ಹೀಯಾಳಿಸೋದು ನಂಗೆ ಆಗ್ಬರಲ್ಲ. ಆದ್ರೆ ದೇವ್ರ ಹೆಸ್ರಲ್ಲಿ ಮಗೂಗೆ ಲಸಿಕೆ ಬೇಡ ಅಂದ್ರೆ, ಶಾಲೇಲಿ ವಿಕಾಸವಾದ ಕಲಿಸ್ಬೇಡಿ ಅಂದ್ರೆ, ಅಲ್ಲಿ ಮಾತ್ರ ಸುಮ್ನಿರಬಾರ್ದು, ಎದುರು ಬಿದ್ದು ಜಗಳ ಆಡ್ಲೇಬೇಕು.