ಡಬ್ಬಿಯಲ್ಲಿ ಯಾರ ಚೀಟಿ ಜಾಸ್ತಿ?

‘ದಿ ಹಂಗರ್ ಗೇಮ್ಸ್’ (2008) ಕಾದಂಬರಿ ಮತ್ತೆ ಓದಿದೆ. ಮೊದಲ ಸಲ ಹೊಡೆದಾಟದ ಭಾಗ ಯಾವಾಗ ಬರುತ್ತೋ ಅಂತ ಪುಟ ಹಾರಿಸಿದ್ದೆ. ಈ ಸಲ ಶುರುವಿನಲ್ಲೇ ಸಿಕ್ಕಿಹಾಕಿಕೊಂಡೆ.

ಕಥೆಯಲ್ಲಿ ವರ್ಷಕ್ಕೊಮ್ಮೆ ಡಬ್ಬಿಯಿಂದ ಹೆಸರಿನ ಚೀಟಿ ಎತ್ತಿ, ಮಕ್ಕಳನ್ನು ಒಬ್ಬರನ್ನೊಬ್ಬರು ಕೊಲ್ಲುವ ಆಟಕ್ಕೆ ಸಾಯಲು ಕಳಿಸುತ್ತಾರೆ. ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ನಿಯಮ. ಆದರೆ ಮನೆಯಲ್ಲಿ ಹಸಿವಿದ್ದರೆ ಇನ್ನೊಂದು ಚೀಟಿಗೆ ಹೆಸರು ಬರೆಸಿ, ಒಬ್ಬರಿಗೆ ಒಂದು ವರ್ಷಕ್ಕೆ ಅಂತ ಒಂದಿಷ್ಟು ಕಾಳು, ಎಣ್ಣೆ ತರಬಹುದು, ಹೀಗೆ ತಂದೂ ತಂದೂ 16ರ ನಾಯಕಿ ಕ್ಯಾಟ್ನಿಸ್ ಹೆಸರು 20 ಸಲ, ಅವಳ ಗೆಳೆಯ ಗೇಲ್ ಹೆಸರು 42 ಸಲ ಡಬ್ಬಿ ಸೇರಿರುತ್ತದೆ. ಮೇಯರ್ ಮಗಳಿಗೆ ಈ ತಾಪತ್ರಯ ಇಲ್ಲ. ಗೇಲ್ ಸಿಡುಕುವುದೂ ಅವಳ ಮೇಲೇ. ನಿಯಮ ಮಾಡಿದವರು ದೂರದ ರಾಜಧಾನಿಯಲ್ಲಿ ಆರಾಮಾಗಿದ್ದಾರೆ, ಇಲ್ಲಿ ಇವರಿವರೇ ಮುಖ ತಿರುಗಿಸಿಕೊಳ್ಳುತ್ತಾರೆ. ಅವರಿಗೆ ಬೇಕಾಗಿದ್ದೂ ಅದೇ ಅಲ್ವಾ?

ಪ್ರೀತಿಯ ತ್ರಿಕೋನ ನನಗೆ ಈಗಲೂ ಬೋರು, ಬಿಡಿ.

ಇದನ್ನು ಸುಮ್ನೆ ಹುಡುಗರ ಕಥೆ ಅನ್ನೋರಿಗೆ ಒಂದು ವಿಷಯ. 2014ರಲ್ಲಿ ಥಾಯ್ಲೆಂಡಿನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಾಗ ಜನ ಈ ಕಥೆಯ ಮೂರು ಬೆರಳಿನ ಸೆಲ್ಯೂಟ್ ಮಾಡಿದರು. ಅಷ್ಟಕ್ಕೇ ಕೆಲವರನ್ನು ಹಿಡಿದುಕೊಂಡು ಹೋದರು. 2021ರಲ್ಲಿ ಮ್ಯಾನ್ಮಾರ್‌ ಬೀದಿಗಳಲ್ಲೂ ಅದೇ ಮೂರು ಬೆರಳು.