ಪ್ರೋಟೀನ್ ಪುಡಿ ಮತ್ತು ಸೆವೆಂತ್ ಡೇ ವೇಟ್

ನಾವು ಕೋಳಿ ಕಂಪನಿಯ ಫೀಲ್ಡ್ ಸೂಪರ್‌ವೈಸರ್‌ಗಳು. ನಮ್ಮ ವಾಟ್ಸಾಪ್ ಗ್ರೂಪ್‌ನಲ್ಲಿ ಬೆಳಗಾದರೆ ಒಂದೇ ಪ್ರಶ್ನೆ: "ಸೆವೆಂತ್ ಡೇ ವೇಟ್ ಎಷ್ಟು?" ಏಳನೇ ದಿನಕ್ಕೆ ಮರಿಯ ತೂಕ, ಶೆಡ್‌ಗೆ ಬಿಟ್ಟ ದಿನದ (ಪ್ಲೇಸ್‌ಮೆಂಟ್) ತೂಕದ ನಾಲ್ಕೂವರೆ ಪಟ್ಟು ಆಗಬೇಕು. ಅಂದರೆ 42 ಗ್ರಾಂ ಮರಿ ವಾರದೊಳಗೆ 190 ಗ್ರಾಂ ಹತ್ತಿರ ಬರಬೇಕು. ಬರದಿದ್ದರೆ ಸೂಪರ್‌ವೈಸರ್ ಕಾರಣ ಬರೆಯಬೇಕು.

ಆ ಪ್ರೋಟೀನ್ ಪುಡಿ ನಮ್ಮ ಗೋಡೌನ್‌ಗೆ ಬಂದದ್ದು ಈ ಗಡಿಬಿಡಿಯಲ್ಲೇ. ಮರಿಗಳ ಮೊದಲ ಫೀಡ್ ಆದ ಪ್ರಿ-ಸ್ಟಾರ್ಟರ್‌ನ 50 ಕೆಜಿ ಚೀಲಕ್ಕೆ ಎರಡೂವರೆ ಕೆಜಿ ಬೆರೆಸಿ ಮೊದಲ ವಾರ ಕೊಡಿ ಅಂತ ಆಫೀಸಿನವರು ಹೇಳಿದರು. ಒಣಮೀನಿನ ಘಾಟು ಮೂಗಿಗೆ ಹೊಡೆಯುತ್ತಿತ್ತು. ಲ್ಯಾಬ್ ರಿಪೋರ್ಟ್‌ನಲ್ಲಿ ಪ್ರೋಟೀನ್ ಶೇಕಡಾ 50ಕ್ಕಿಂತ ಜಾಸ್ತಿ. ಪ್ರಿ-ಸ್ಟಾರ್ಟರ್‌ನಲ್ಲಿ ಹೇಗೂ 22-23 ಇರುತ್ತದಲ್ವಾ, ಮತ್ತೆ ಇದ್ಯಾಕೆ ಅಂತ ಮೀಟಿಂಗ್‌ನಲ್ಲಿ ಒಬ್ಬ ಕೇಳಿದ. "ಫೀಲ್ಡ್‌ನವರು ಫೀಲ್ಡ್ ನೋಡ್ಕೊಳ್ಳಿ" ಅಂದರು ಆಫೀಸಿನವರು. ಉಳಿದವರು ಚಹಾ ಕುಡಿದು ಎದ್ದೆವು.

ಹಾನಗಲ್ ಕಡೆಯ ಶೆಡ್. ಮಳೆಗಾಲ, ಮರಿಗಳಿಗೆ ಐದನೇ ದಿನ. ಪರದೆ ಸರಿಸಿ ಒಳಗೆ ಹೋದರೆ, ಬಲ್ಬ್ ಹಚ್ಚಿ ಶಾಖ ಕೊಡುವ ಬ್ರೂಡರ್ ಕೆಳಗೆ ಮರಿಗಳೇ ಇಲ್ಲ. ಎಲ್ಲ ಅಂಚಿಗೆ ಸರಿದು ಡ್ರಿಂಕರ್ ಸುತ್ತ ಮುತ್ತಿಕೊಂಡಿವೆ. ಬ್ರೂಡರ್ ಬಿಟ್ಟು ದೂರ ನಿಂತರೆ ಶಾಖ ಜಾಸ್ತಿ, ಕೆಳಗೆ ಗುಂಪುಗೂಡಿದರೆ ಕಡಿಮೆ. ಟ್ರೇನಿಂಗ್‌ನ ಮೊದಲ ಪಾಠ ಇದೇ. ಥರ್ಮಾಮೀಟರ್ ಕೆಟ್ಟು ಬಹಳ ದಿನವಾಗಿತ್ತು, ಹೊಸದಕ್ಕೆ ಹಾಕಿದ ಇಂಡೆಂಟ್ ಆಫೀಸಿನಲ್ಲೇ ಕೂತಿತ್ತು. ಬ್ರೂಡರ್‌ನ ಮುಚ್ಚಳ (ಹೂವರ್) ಮೇಲಕ್ಕೆತ್ತಿಸಿ, ಅರ್ಧ ಬಲ್ಬ್ ಆರಿಸಲು ಹೇಳಿದೆ.

"ಸರ್ರ, ರಾತ್ರಿ ಥಂಡಿ ಇತ್ತಲ್ರಿ" ಅಂದ ರೈತ.

"ಮರಿ ಹೇಳ್ತಾವ ನೋಡ್ರಿ" ಅಂದೆ. ಭಾಳ ಗತ್ತಿನಿಂದಲೇ ಅಂದಿದ್ದೆ.

ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿರಲಿಲ್ಲ. ರೆಕ್ಕೆ ಇಳಿಬಿಟ್ಟಿರಲಿಲ್ಲ. ಶಾಖ ಜಾಸ್ತಿಯಾಗಿದ್ದರೆ ಅದು ಮೊದಲು ಕಾಣಬೇಕು. ನಾನು ಕಂಪನಿ ಆ್ಯಪ್‌ಗೆ ಫೋಟೋ ಹಾಕಲು ಸಿಗ್ನಲ್ ಹುಡುಕುತ್ತಾ ಬಾಗಿಲ ಹತ್ತಿರ ನಿಂತಿದ್ದೆ. ಚಿಂವ್‌ಗುಟ್ಟುವ ಸದ್ದು ಒಮ್ಮೆಗೇ ಏರಿತು. ತಿರುಗಿ ನೋಡಿದರೆ ಒಂದರ ಮೇಲೊಂದು ಹತ್ತಿ ಮೂಲೆಯಲ್ಲಿ ಗುಡ್ಡೆಯಾಗುತ್ತಿದ್ದವು. ರೈತ ಮಾತಾಡಲಿಲ್ಲ. ತಾನೇ ಹೋಗಿ ಬಲ್ಬ್ ಹಾಕಿದ, ಹೂವರ್ ಇಳಿಸಿದ, ಕೆಳಗೆ ಸಿಕ್ಕ ಮರಿಗಳನ್ನು ಎರಡೂ ಕೈಯಿಂದ ಬಿಡಿಸತೊಡಗಿದ. ನಾನೂ ಕೂತೆ. ಅಷ್ಟರಲ್ಲಿ ಕೆಲವು ಉಸಿರು ಕಟ್ಟಿ ಸತ್ತಿದ್ದವು. ಬದುಕಿದವು ಬೆಚ್ಚಗಾದ ಕೂಡಲೇ ಮತ್ತೆ ಡ್ರಿಂಕರ್‌ಗೇ ಓಡಿದವು. ಕಾಲ ಕೆಳಗಿನ ಹೊಟ್ಟು ಪಚಪಚ ಅನ್ನುತ್ತಿತ್ತು.

ರೈತನ ಹೆಂಡತಿ ಫೀಡರ್‌ನಿಂದ ಚಿಟಿಕೆ ಎತ್ತಿ ನಾಲಿಗೆಗೆ ಹಚ್ಚಿಕೊಂಡರು. "ಥೂ, ಇದೇನ್ರಿ ಸಾಹೇಬ್ರ, ಬರೇ ಉಪ್ಪು! ಇದನ್ನ ತಿಂದ್ರ ನೀರು ಕುಡೀಲಾರದ ಏನ್ ಮಾಡ್ತಾವ?"

ನಾನೂ ನೆಕ್ಕಿದೆ. ಆ ಪುಡಿ ಬೆರೆಸಿದ ಫೀಡ್ ಎಲ್ಲ ತೆಗೆಸಿ, ಪುಡಿ ಬೆರೆಸದ ಬರೀ ಫೀಡ್ (ಕ್ರಂಬ್ಸ್) ಹಾಕಿಸಿದೆವು. ನೆಲಕ್ಕೆ ಹಾಸಿದ್ದ ಒದ್ದೆ ಹೊಟ್ಟು (ಲಿಟರ್) ಎತ್ತಿ ಒಣ ಹೊಟ್ಟು ಹರಡಿದೆವು.

ಆಮೇಲೆ ಸ್ಯಾಂಪಲ್ ಬೇರೆ ಲ್ಯಾಬ್‌ಗೆ ಹೋಯಿತು. ಉಪ್ಪು ಅಳತೆ ಮೀರಿತ್ತು, ಜೊತೆಗೆ ಯೂರಿಯಾನೂ ಸಿಕ್ಕಿತು. ಲ್ಯಾಬ್‌ನಲ್ಲಿ ನೇರವಾಗಿ ಪ್ರೋಟೀನ್ ಅಳೆಯುವುದಿಲ್ಲ. ನೈಟ್ರೋಜನ್ ಅಳೆದು 6.25ರಿಂದ ಗುಣಿಸುತ್ತಾರೆ. ಯೂರಿಯಾದಲ್ಲಿ ನೈಟ್ರೋಜನ್ ಶೇಕಡಾ 46. ನೂರು ಕೆಜಿಗೆ ಒಂದು ಕೆಜಿ ಯೂರಿಯಾ ಬೆರೆಸಿದರೆ ರಿಪೋರ್ಟ್‌ನಲ್ಲಿ ಪ್ರೋಟೀನ್ ಹೆಚ್ಚುಕಡಿಮೆ ಮೂರರಷ್ಟು ಏರುತ್ತದೆ. ಮರಿಗೆ ಅದರಿಂದ ದಕ್ಕುವುದು ಏನೂ ಇಲ್ಲ. ದನ ಸ್ವಲ್ಪ ಯೂರಿಯಾ ಬಳಸಿಕೊಳ್ಳಬಹುದು, ಕೋಳಿಗೆ ಆ ಹೊಟ್ಟೆ ಇಲ್ಲ.

ಒಳ್ಳೆ ಮೀನಿನ ಪುಡಿಯಾಗಿದ್ದರೂ ಸುಮ್ನೆ ಮೇಲಿಂದ ಸುರಿಯುವುದು ನನಗೆ ಈಗ ಒಪ್ಪಿಗೆಯಿಲ್ಲ. ಮೊದಲ ವಾರ ಮರಿಯ ಕರುಳು ಇನ್ನೂ ಬೆಳೆಯುತ್ತಿರುತ್ತದೆ. ಮೊಟ್ಟೆಯಿಂದ ಹೊಟ್ಟೆಯೊಳಗೆ ಉಳಿದು ಬಂದ ಹಳದಿ ಮೂರ್ನಾಲ್ಕು ದಿನದಲ್ಲಿ ಹೆಚ್ಚುಕಡಿಮೆ ಮುಗಿದಿರುತ್ತದೆ. ಆಗ ಬೇಕಾದದ್ದು ಜೀರ್ಣವಾಗುವ ಲೈಸಿನ್, ಮೆಥಿಯೊನಿನ್‌ನಂಥ ಅಮೈನೋ ಆ್ಯಸಿಡ್. ಸರಿಯಾಗಿ ಹುರಿಯದ ಸೋಯಾ ಹಿಂಡಿಯಲ್ಲೂ ಪ್ರೋಟೀನ್ ನಂಬರ್ ಚೆನ್ನಾಗೇ ಬರುತ್ತದೆ, ಆದರೆ ಅದರಲ್ಲಿ ಉಳಿದ ಟ್ರಿಪ್ಸಿನ್ ಇನ್ಹಿಬಿಟರ್ ಜೀರ್ಣಕ್ಕೇ ಅಡ್ಡ ಬರುತ್ತದೆ. ಹೆಚ್ಚಾದ ಪ್ರೋಟೀನ್ ಯೂರಿಕ್ ಆ್ಯಸಿಡ್ ಆಗಿ ಹಿಕ್ಕೆಯಲ್ಲಿ ಹೋಗುತ್ತದೆ. ನೀರು ಜಾಸ್ತಿ, ಲಿಟರ್ ಒದ್ದೆ, ಅಮೋನಿಯಾ, ಕಣ್ಣುರಿ.

ಈಗ ಹೊಸ ಚೀಲ ಏನೇ ಬಂದರೂ ಮೊದಲು ನೆಕ್ಕುತ್ತೇನೆ. ಒಂದು ಗ್ಲಾಸ್ ನೀರಿಗೆ ಹಾಕಿ ಕದಡಿ, ತಳದಲ್ಲಿ ಎಷ್ಟು ಮರಳು ಕೂರುತ್ತದೆ ನೋಡುತ್ತೇನೆ. ಹುಡುಗರು ನಗುತ್ತಾರೆ, ನಗಲಿ.

ಆ ಲಾಟ್‌ನ ವಾರದ ತೂಕ 150 ದಾಟಲಿಲ್ಲ. ಉಳಿದ ಪುಡಿ ಸದ್ದಿಲ್ಲದೆ ವಾಪಸ್ ಹೋಯಿತು. ಆದರೆ ಸಿಸ್ಟಮ್‌ನಲ್ಲಿ ಕಾರಣ "ಬ್ರೂಡಿಂಗ್ ಪ್ರಾಬ್ಲಮ್" ಅಂತಲೇ ಇದೆ. ಡ್ರಾಪ್‌ಡೌನ್‌ನಲ್ಲಿ ಫೀಡ್ ಅನ್ನೋ ಆಯ್ಕೆಯೇ ಇಲ್ಲ. ಒಂದು ಕೆಜಿ ತೂಕಕ್ಕೆ ತಿಂದ ಫೀಡ್‌ನ ಲೆಕ್ಕ (ಎಫ್‌ಸಿಆರ್) ಕೆಟ್ಟಿತು ಅಂತ ರೈತನಿಗೆ ಕೊಡುವ ಸಾಕಣೆ ಕೂಲಿಯಲ್ಲಿ (ಜಿಸಿ) ಹಣ ಮುರಿದುಕೊಂಡರು. ನಾನು ಬರೆದ ಮೇಲ್‌ಗೆ ಇನ್ನೂ ಉತ್ತರ ಬಂದಿಲ್ಲ.